ಮಂಡ್ಯ ಕಡೆಯ ಇಂಗ್ಲಿಷ್ ಮೇಲೆ ಪಿಎಚ್‌ಡಿ: ಗೈಡ್ ‘ಅದೆಲ್ಲ ಬರೀ ತಪ್ಪು’ ಅಂತಾರೆ, ಏನು ಮಾಡಲಿ?

ಅತಿಥಿ_ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ಮಂಡ್ಯದ ಒಂದು ಪ್ರಥಮ ದರ್ಜೆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಜೊತೆಗೆ ಮೈಸೂರಿನಲ್ಲಿ ಪಿಎಚ್‌ಡಿಗೆ ರಿಜಿಸ್ಟರ್ ಆಗಿದ್ದೇನೆ. ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಕೊಡುವ ಹೊತ್ತು ಬಂತು, ಗೈಡ್ ಮತ್ತು ನಾನು ಇನ್ನೂ ವಿಷಯದ ಹೆಸರಲ್ಲೇ ಸಿಕ್ಕಿಕೊಂಡಿದ್ದೇವೆ.

ನನಗೆ ಬೇಕಾದ ವಿಷಯ ಇದು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಡಿಗ್ರಿಗೆ ಬಂದ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಆಡುವ ಇಂಗ್ಲಿಷ್. ಬರೆಯುವ ಇಂಗ್ಲಿಷ್ ಅಲ್ಲ, ಆಡುವುದು. ‘ಪ್ರಿನ್ಸಿಪಾಲ್ ಸರ್ ಈಸ್ ದೇರ್ ಓನ್ಲಿ ಮೇಡಂ’, ‘ಐ ಆಮ್ ಹ್ಯಾವಿಂಗ್ ಒನ್ ಡೌಟ್’, ‘ಯೂ ಆರ್ ಕಮಿಂಗ್ ಟುಮಾರೋ, ನೋ?’ ಇಂಥವು. ಕೆ.ಆರ್. ಪೇಟೆಯಿಂದ ಬಂದವನೂ ಹೀಗೇ ಹೇಳುತ್ತಾನೆ, ಮಳವಳ್ಳಿಯಿಂದ ಬಂದವಳೂ ಹೀಗೇ ಹೇಳುತ್ತಾಳೆ. ಸ್ಟಾಫ್ ರೂಮಿನಲ್ಲಿ ಎಂ.ಎ., ನೆಟ್ ಪರೀಕ್ಷೆ ಎಲ್ಲ ಆದ ನಾವೂ ಹೀಗೇ ಮಾತಾಡುತ್ತೇವೆ, ಸುಳ್ಳು ಯಾಕೆ ಹೇಳಲಿ.

ಗೈಡ್ ಕೆಟ್ಟವರಲ್ಲ, ತುಂಬಾ ಓದಿಕೊಂಡವರು. ಆದರೆ ಅವರ ಪ್ರಕಾರ ಇದಕ್ಕೆ ‘ಎರರ್ ಅನಾಲಿಸಿಸ್’, ಅಂದರೆ ತಪ್ಪುಗಳ ವಿಶ್ಲೇಷಣೆ, ಅಂತ ಹೆಸರಿಡಬೇಕು, ಒಂದು ಪ್ರಶ್ನಾವಳಿ ಹಂಚಬೇಕು, ಶೇಕಡಾ ಲೆಕ್ಕದ ಟೇಬಲ್ ಹಾಕಬೇಕು, ಕೊನೆಗೆ ತಿದ್ದುವ ಉಪಾಯದ ಒಂದು ಅಧ್ಯಾಯ ಬರೆಯಬೇಕು. ಅದನ್ನು ಬೇಕಾದಷ್ಟು ಜನ ಮಾಡಿದ್ದಾರೆ, ನನಗೆ ಮನಸ್ಸಿಲ್ಲ.

ಕೇಳಬೇಕಾದ್ದು ಎರಡು. ‘ಇದು ತಪ್ಪು’ ಅನ್ನುವುದನ್ನು ಮತ್ತು ‘ಇದು ನಮ್ಮ ಇಂಗ್ಲಿಷ್’ ಅನ್ನುವುದನ್ನು ಬೇರೆ ಮಾಡುವ ದಾರಿ ಯಾವುದಾದರೂ ಇದೆಯಾ, ಗೈಡ್ ಮುಂದೆ ನಿಂತು ಹೇಳುವಂಥದ್ದು? ಇನ್ನೊಂದು, ಎಂ.ಎ. ನೋಟ್ಸಿನಲ್ಲಿ ಎಲ್ಲರೂ ಬರೆಯುವ ಭಾಷಾಶಾಸ್ತ್ರಜ್ಞ ಬ್ರಜ್ ಕಚ್ರು ಅವರ ಮೂರು ವೃತ್ತ ಇದಕ್ಕೆ ಹೊಂದುತ್ತದಾ? ಇಂಗ್ಲಿಷ್ ತಾಯ್ನುಡಿಯಾಗಿರುವ ಬ್ರಿಟನ್, ಅಮೆರಿಕ ಒಳಗಿನ ವೃತ್ತ, ಎರಡನೇ ಭಾಷೆಯಾಗಿರುವ ಭಾರತ, ಸಿಂಗಪುರ, ಫಿಲಿಪ್ಪೀನ್ಸ್ ಹೊರಗಿನ ವೃತ್ತ, ಪರಭಾಷೆಯಾಗಿ ಕಲಿಯುವ ಚೀನಾ, ಜಪಾನ್ ಹಿಗ್ಗುತ್ತಿರುವ ವೃತ್ತ. 2011ರ ಜನಗಣತಿಯಲ್ಲಿ ಇಂಗ್ಲಿಷ್ ತಾಯ್ನುಡಿ ಅಂದವರು ಇಡೀ ದೇಶದಲ್ಲಿ ಸುಮಾರು 2.6 ಲಕ್ಷ ಜನ. ಎರಡನೇ ಭಾಷೆ ಅಂದವರು 8 ಕೋಟಿಗೂ ಜಾಸ್ತಿ. ಈ 8 ಕೋಟಿಯನ್ನೂ ಒಂದೇ ವೃತ್ತಕ್ಕೆ ತುಂಬಿದರೆ ಬೆಂಗಳೂರಿನ ಕಾನ್ವೆಂಟ್ ಹುಡುಗಿಯೂ ನಾಗಮಂಗಲದ ನನ್ನ ವಿದ್ಯಾರ್ಥಿಯೂ ಒಂದೇ ಲೆಕ್ಕ ಆಗಿಬಿಡುತ್ತಾರೆ. ಅದು ನನಗೆ ಸರಿ ಕಾಣುತ್ತಿಲ್ಲ.

---

ಸರಸ್ವತಿಪುರಂ_ರಿಟೈರ್ಡ್

ಮೇಡಂ, ನಿಮ್ಮ ಮತ್ತು ನಿಮ್ಮ ಗೈಡ್ ನಡುವಿನ ಜಗಳ ಬಹಳ ಹಳೆಯದು, ಮತ್ತು ದೊಡ್ಡವರು ಆಡಿದ ಜಗಳ. 1990ರಲ್ಲಿ ಬ್ರಿಟನ್ನಿನ ಭಾಷಾಶಾಸ್ತ್ರಜ್ಞ ರ್‍ಯಾಂಡಾಲ್ಫ್ ಕ್ವರ್ಕ್ ‘ಇಂಗ್ಲಿಷ್ ಟುಡೇ’ ಪತ್ರಿಕೆಯಲ್ಲಿ ನಿಮ್ಮ ಗೈಡ್ ಹೇಳಿದ್ದನ್ನೇ ಇನ್ನೂ ನಾಜೂಕಾಗಿ ಹೇಳಿದರು. ಕಲಿಕೆ ಅರ್ಧಕ್ಕೆ ನಿಂತದ್ದನ್ನೆಲ್ಲ ಹೊಸ ಬಗೆಯ ಇಂಗ್ಲಿಷ್ ಅಂತ ಕೊಂಡಾಡಬೇಡಿ, ಕಲಿಯುವ ಮಕ್ಕಳಿಗೆ ಸ್ಟ್ಯಾಂಡರ್ಡ್ ಇಂಗ್ಲಿಷ್ ಸಿಗದೆ ಹೋಗುತ್ತದೆ ಅನ್ನುವುದು ಅವರ ವಾದ. ಮರುವರ್ಷ ಕಚ್ರು ಅದೇ ಪತ್ರಿಕೆಯಲ್ಲಿ ಉತ್ತರ ಕೊಟ್ಟರು. ಭಾರತದಂಥ ಕಡೆ ಇಂಗ್ಲಿಷ್ ಆಡುವವರು ಹೆಚ್ಚಾಗಿ ತಮ್ಮ ತಮ್ಮಲ್ಲೇ ಆಡುತ್ತಾರೆ, ಇಂಗ್ಲೆಂಡಿನವನ ಜೊತೆ ಅಲ್ಲ, ಇಲ್ಲಿನ ಬಹುಭಾಷೆಯ ಬದುಕನ್ನು ನೋಡದೆ ತೀರ್ಪು ಕೊಡಬೇಡಿ ಅಂದರು. ಶ್ರೀನಗರದಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ಪಿಎಚ್‌ಡಿ ಮಾಡಿ, ಇಲಿನಾಯ್‌ನಲ್ಲಿ ಪಾಠ ಹೇಳಿದ ಮನುಷ್ಯ. ಅವರಿಗೆ ಈ ಪ್ರಶ್ನೆ ಬರೀ ಪುಸ್ತಕದ್ದಾಗಿರಲಿಲ್ಲ. ಎರಡೂ ಲೇಖನ ಸೇರಿದರೂ ತುಂಬಾ ಪುಟ ಆಗುವುದಿಲ್ಲ. ಪ್ರಿಂಟ್ ತೆಗೆದು ಗೈಡ್ ಮೇಜಿನ ಮೇಲಿಡಿ.

ಈಗ ಮೊದಲನೇ ಪ್ರಶ್ನೆ. ದಾರಿ ಇದೆ. ನೈಜೀರಿಯಾದ ಅಯೋ ಬಾಂಬೊಸೆ 1998ರಲ್ಲಿ ‘ವರ್ಲ್ಡ್ ಇಂಗ್ಲಿಷಸ್’ ಪತ್ರಿಕೆಯಲ್ಲಿ ಐದು ಪ್ರಶ್ನೆ ಇಟ್ಟರು. ಎಷ್ಟು ಜನ ಹಾಗೆ ಆಡುತ್ತಾರೆ, ಎಲ್ಲೆಲ್ಲಿ ಹರಡಿದೆ, ಆಡುವವರು ಯಾರು, ನಿಘಂಟು ವ್ಯಾಕರಣದಲ್ಲಿ ಸೇರಿದೆಯಾ, ಕೇಳುವವರು ಒಪ್ಪುತ್ತಾರಾ. ಮೂರನೆಯದನ್ನು ಗಮನಿಸಿ. ‘ಯಾರು’ ಅನ್ನುವುದಕ್ಕೆ ಅಷ್ಟು ತೂಕ. ಮೇಷ್ಟ್ರು, ಪತ್ರಕರ್ತ, ಲಾಯರ್ ಆಡಿದರೆ ಅದು ರೂಢಿ, ವಿದ್ಯಾರ್ಥಿ ಆಡಿದರೆ ತಪ್ಪು. ಅನ್ಯಾಯ ಅನಿಸಬಹುದು, ಆದರೆ ಭಾಷೆ ನಡೆಯುವುದೇ ಹಾಗೆ. ನಿಮ್ಮ ಸ್ಟಾಫ್ ರೂಮಿನ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ‘ದೇರ್ ಓನ್ಲಿ’ ಅನ್ನುವುದನ್ನು ನೆಟ್ ಪಾಸಾದವರೂ ಬಿಟ್ಟಿಲ್ಲ ಅಂದರೆ ಅದು ಕಲಿಕೆಯ ಕೊರತೆ ಹೇಗಾಗುತ್ತದೆ?

ಅಂದ ಮಾತ್ರಕ್ಕೆ ನಿಮ್ಮ ಹುಡುಗರು ಆಡುವುದೆಲ್ಲ ‘ಭಾರತೀಯ ಇಂಗ್ಲಿಷ್’ ಅಂತ ಹೊಗಳಲು ಹೋಗಬೇಡಿ. ‘ಹೀ ಗೋ’, ‘ಶಿ ಡಿಡ್ ನಾಟ್ ಕೇಮ್’ ಇವು ಕಲಿಯುತ್ತಾ ಹೋದ ಹಾಗೆ ಉದುರಿ ಹೋಗುವಂಥವು. ‘ದೇರ್ ಓನ್ಲಿ’ ಉಳಿಯುವಂಥದ್ದು. ದೇವಯಾನಿ ಶರ್ಮಾ ಅವರ 2005ರ ಲೇಖನ ಓದಿ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಭಾರತೀಯರ ಮಾತು ಹಿಡಿದು ಇದನ್ನೇ ಬಿಡಿಸಿದ್ದಾರೆ. ಇಂಗ್ಲಿಷ್ ಹಿಡಿತ ಜಾಸ್ತಿ ಆದಂತೆ ಯಾವುದು ಕಡಿಮೆ ಆಗುತ್ತದೆ, ಯಾವುದು ಹಿಡಿತಕ್ಕೂ ತನಗೂ ಸಂಬಂಧ ಇಲ್ಲ ಅನ್ನುವ ಹಾಗೆ ಹಾಗೇ ಇರುತ್ತದೆ ಅಂತ. ನೀವೂ ಹೀಗೆ ಮಾಡಿ. ಮೊದಲ ವರ್ಷದ ಬಿ.ಎ., ಕೊನೆ ವರ್ಷದ ಬಿ.ಎ., ಎಂ.ಎ., ಪಾಠ ಮಾಡುವವರು, ನಾಲ್ಕು ಮೆಟ್ಟಿಲು. ಪ್ರತಿ ಮೆಟ್ಟಿಲಲ್ಲೂ ಏನು ಉದುರಿತು, ಏನು ಉಳಿಯಿತು ಅಂತ ನೋಡಿದರೆ ಗೈಡ್‌ಗೆ ಬೇಕಾದ ‘ಎರರ್’ ಕೂಡ ಸಿಗುತ್ತದೆ, ನಿಮಗೆ ಬೇಕಾದ್ದೂ ಸಿಗುತ್ತದೆ.

ವೃತ್ತದ ವಿಷಯದಲ್ಲಿ ನಿಮ್ಮ ಅನುಮಾನ ಸರಿ. 1985ರಲ್ಲಿ ಅದು ದೊಡ್ಡ ಕೆಲಸ ಮಾಡಿತು. ಇಂಗ್ಲಿಷ್ ಇಂಗ್ಲೆಂಡಿನವರ ಸೊತ್ತು ಅನ್ನುವ ಮಾತಿಗೆ ಪೆಟ್ಟು ಕೊಟ್ಟಿತು. ಆದರೆ ಅದು ಅಳೆಯುವುದು ದೇಶವನ್ನು, ಜನರನ್ನಲ್ಲ. ಪಾಲ್ ಬ್ರೂತಿಯೊ 2003ರಲ್ಲಿ ಇದನ್ನೇ ಎತ್ತಿ ಆಡಿದ್ದಾರೆ. ದೇಶಗಳೂ ಒಂದೇ ಕಡೆ ನಿಲ್ಲುವುದಿಲ್ಲ ನೋಡಿ. ಮಲೇಷ್ಯಾ 2003ರಲ್ಲಿ ಶಾಲೆಯ ಗಣಿತ, ವಿಜ್ಞಾನವನ್ನು ಇಂಗ್ಲಿಷಿಗೆ ತಂದಿತು, ಕೆಲವೇ ವರ್ಷಕ್ಕೆ ಅದನ್ನು ಕೈಬಿಡಲು ತೀರ್ಮಾನಿಸಿತು. ಶ್ರೀಲಂಕಾ 1956ರಲ್ಲಿ ಸಿಂಹಳವನ್ನು ಮಾತ್ರ ಆಡಳಿತ ಭಾಷೆ ಮಾಡಿತು, ಆಮೇಲೆ ಅಲ್ಲಿ ಇಂಗ್ಲಿಷಿಗೆ ‘ಕಡುವ’ ಅನ್ನುವ ಹೆಸರು ಬಂತು, ಕತ್ತಿ ಅಂತ ಅರ್ಥ. ಆ ಕತ್ತಿ ಯಾರ ಕೈಲಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ವಸಾಹತಾಗಿದ್ದ ದೇಶದಲ್ಲಿ ಇಂಗ್ಲಿಷ್ ಹೇಗೆ ಬೇರೂರುತ್ತದೆ ಅನ್ನುವ ಎಡ್ಗರ್ ಶ್ನೈಡರ್ ಅವರ ಐದು ಹಂತದ ಮಾದರಿ (2003ರ ಲೇಖನ, 2007ರ ಪುಸ್ತಕ) ಈ ಓಡಾಟವನ್ನು ಸ್ವಲ್ಪ ಚೆನ್ನಾಗಿ ಹಿಡಿಯುತ್ತದೆ, ಆದರೂ ಅದರ ಅಳತೆಗೋಲೂ ದೇಶವೇ. ಕಚ್ರು ಅವರಿಗೆ ಒಂದು ಪ್ಯಾರಾ ಕೊಟ್ಟು ಗೌರವದಿಂದ ಮುಂದೆ ಹೋಗಿ. ಇಡೀ ಎರಡನೇ ಅಧ್ಯಾಯವನ್ನು ವೃತ್ತಕ್ಕೆ ಸುರಿಯಬೇಡಿ, ಥೀಸಿಸ್ ನೋಡಿ ನೋಡಿ ಸಾಕಾದವನು ಹೇಳುತ್ತಿದ್ದೇನೆ.

---

ಮಳವಳ್ಳಿ_ಹೈಸ್ಕೂಲ್_ಮೇಷ್ಟ್ರು

ನಾನು ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಮೇಡಂ.

ನಮ್ಮ ಮಕ್ಕಳು ಇಂಟರ್‌ವ್ಯೂಗೆ ಬೆಂಗಳೂರಿಗೆ ಹೋಗುತ್ತಾರೆ. ಬಾಯಿ ಬಿಟ್ಟ ಎರಡನೇ ವಾಕ್ಯಕ್ಕೇ ವಾಪಸ್ ಬರುತ್ತಾರೆ. ಅವರ ಮುಂದೆ ಹೋಗಿ ‘ನಿಮ್ಮದು ತಪ್ಪಲ್ಲಪ್ಪ, ಅದೊಂದು ವೆರೈಟಿ’ ಅಂದರೆ ಹೊಟ್ಟೆ ತುಂಬುತ್ತದಾ? ಈ ವೆರೈಟಿ ಮಾತಾಡುವವರ ಮಕ್ಕಳೆಲ್ಲ ಯಾವ ಸ್ಕೂಲಲ್ಲಿ ಓದುತ್ತಿದ್ದಾರೆ ಅಂತ ಒಮ್ಮೆ ನೋಡಿ. ಸಿಂಗಪುರದವರೇ ನೋಡಿ, ಅಲ್ಲಿನ ಆಡುಮಾತಿನ ಇಂಗ್ಲಿಷ್ ಆದ ಸಿಂಗ್ಲಿಷ್ ಬಗ್ಗೆ ಅಷ್ಟೊಂದು ಸಂಶೋಧನೆ ಆಗಿದೆಯಲ್ಲ, ಅಲ್ಲಿನ ಸರ್ಕಾರ 2000ದಲ್ಲಿ ‘ಒಳ್ಳೆ ಇಂಗ್ಲಿಷ್ ಮಾತಾಡಿ’ ಅಂತ ಚಳವಳಿಯನ್ನೇ ಶುರು ಮಾಡಿತು. ಸುಮ್ನೆ ಮಾಡಿದರಾ?

ಇನ್ನೊಂದು ಸಂಕಟ ನನಗೆ. ಇಂಗ್ಲಿಷ್ ಕಲಿಸುವ ಬಗ್ಗೆ ಪ್ರಪಂಚವೇ ಓದುವ ಒಂದು ಪ್ರಯೋಗ ನಮ್ಮ ರಾಜ್ಯದಲ್ಲೇ ಶುರು ಆಯಿತು. ಎನ್.ಎಸ್. ಪ್ರಭು ಅವರ ಬೆಂಗಳೂರು ಪ್ರಾಜೆಕ್ಟ್, 1979ರಿಂದ 1984. ವ್ಯಾಕರಣ ಉರು ಹೊಡೆಸಬೇಡಿ, ಮಕ್ಕಳಿಗೆ ಮಾಡಲು ಕೆಲಸ ಕೊಡಿ, ನಕ್ಷೆ ನೋಡಿ ದಾರಿ ಹೇಳುವುದು, ರೈಲಿನ ವೇಳಾಪಟ್ಟಿ ನೋಡಿ ಲೆಕ್ಕ ಹಾಕುವುದು, ಆ ಗಡಿಬಿಡಿಯಲ್ಲಿ ಭಾಷೆ ತಾನಾಗಿ ಬರುತ್ತದೆ ಅಂತ. ಎಲ್ಲ ಮಾಮೂಲಿ ಶಾಲೆಯ ಮಕ್ಕಳ ಜೊತೆಗೇ ಮಾಡಿದ್ದು. ಇವತ್ತು ಟಾಸ್ಕ್ ಹಿಡಿದು ಕಲಿಸುವ ಬಗ್ಗೆ ಎಲ್ಲಿ ಪುಸ್ತಕ ಬಂದರೂ ಅವರ ಹೆಸರು ಇರುತ್ತದೆ. ನಮ್ಮ ತಾಲ್ಲೂಕಿನ ಟ್ರೈನಿಂಗ್‌ನಲ್ಲಿ ಆ ಹೆಸರನ್ನು ನಾನು ಕೇಳಿಯೇ ಇಲ್ಲ. ಸಂಶೋಧನೆ ಮಾಡುವುದಾದರೆ ಅಂಥದ್ದನ್ನು ಮಾಡಿ, ನಾಳೆ ಕ್ಲಾಸಿಗೆ ಬರುವಂಥದ್ದು.

---

ಅತಿಥಿ_ಉಪನ್ಯಾಸಕಿ

ಮೇಷ್ಟ್ರೇ, ಬೇಜಾರಿಲ್ಲ. ಆದರೆ ಒಂದು ಮಾತು. ಆ ಹುಡುಗ ಎರಡನೇ ವಾಕ್ಯಕ್ಕೆ ವಾಪಸ್ ಬಂದದ್ದು ‘ಓನ್ಲಿ’ ಅಂದದ್ದಕ್ಕಾ, ಉಚ್ಚಾರಣೆಗಾ, ಅಥವಾ ಹೆದರಿ ಬಾಯಿ ಕಟ್ಟಿದ್ದಕ್ಕಾ? ನಮಗೆ ಗೊತ್ತಿಲ್ಲ ಅಲ್ವಾ. ಇಂಟರ್‌ವ್ಯೂ ತೆಗೆದುಕೊಳ್ಳುವವರೂ ‘ಡೂ ಒನ್ ಥಿಂಗ್’, ‘ಪ್ರಿಪೋನ್’ ಅನ್ನುತ್ತಾರೆ, ಅವರನ್ನು ಯಾರೂ ವಾಪಸ್ ಕಳಿಸುವುದಿಲ್ಲ. ಯಾವ ತಪ್ಪಿಗೆ ಬೆಲೆ ಕಟ್ಟಬೇಕಾಗುತ್ತದೆ, ಯಾವುದು ಯಾರ ಕಿವಿಗೂ ಬೀಳದೆ ಹೋಗುತ್ತದೆ ಅಂತ ಗೊತ್ತಾದರೆ ನೀವು ಕ್ಲಾಸಿನಲ್ಲಿ ಯಾವುದಕ್ಕೆ ಸಮಯ ಕೊಡಬೇಕು ಅನ್ನುವುದೂ ಗೊತ್ತಾಗುತ್ತದೆ. ನಾನು ಹುಡುಕುತ್ತಿರುವುದು ಅದನ್ನೇ. ಸರ್ ಹೇಳಿದ ನಾಲ್ಕು ಮೆಟ್ಟಿಲು ನನಗೆ ತುಂಬಾ ಹಿಡಿಸಿತು.

---

ಹೆಬ್ಬಾಳ್_ಕೋಡರ್

ಅಕ್ಕ, ನಾನು ಭಾಷಾಶಾಸ್ತ್ರದವನಲ್ಲ, ಮೈಸೂರಲ್ಲೇ ಸಾಫ್ಟ್‌ವೇರ್. ಪಠ್ಯದ ರಾಶಿ ಇಟ್ಟುಕೊಂಡು ಆಟ ಆಡುವ ಚಟ ಇದೆ ಅಷ್ಟೇ. ಡೇಟಾ ಬಗ್ಗೆ ನನಗೆ ಗೊತ್ತಿರುವುದು ಹೇಳುತ್ತೇನೆ.

ಭಾರತದ ಇಂಗ್ಲಿಷಿಗೆ ಮೊದಲು ಕಾರ್ಪಸ್ (ಹುಡುಕಲು ಕೂಡಿಟ್ಟ ಪಠ್ಯದ ಸಂಗ್ರಹ) ಮಾಡಿದ್ದು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಎಸ್.ವಿ. ಶಾಸ್ತ್ರಿ ಅವರು. 1978ರಲ್ಲಿ ಅಚ್ಚಾದ ಬರಹ, ಹತ್ತು ಲಕ್ಷ ಪದ. ಅಮೆರಿಕದ ಬ್ರೌನ್ ಕಾರ್ಪಸ್ ಮಾದರಿಯಲ್ಲೇ ಮಾಡಿದ್ದು. ಪೂರ್ತಿ ಬರಹ, ಮಾತು ಇಲ್ಲ, ಹಾಗಾಗಿ ನಿಮಗೆ ನೇರವಾಗಿ ಉಪಯೋಗ ಇಲ್ಲ.

ಆಮೇಲೆ ಬಂದದ್ದು ಐಸ್, ಅಂದರೆ ಇಂಟರ್‌ನ್ಯಾಷನಲ್ ಕಾರ್ಪಸ್ ಆಫ್ ಇಂಗ್ಲಿಷ್. ಸಿಡ್ನಿ ಗ್ರೀನ್‌ಬಾಮ್ 1988ರಲ್ಲಿ ಇದರ ಪ್ರಸ್ತಾಪ ಇಟ್ಟರು. ಪ್ರತಿ ದೇಶಕ್ಕೂ ಹತ್ತು ಲಕ್ಷ ಪದ, 500 ತುಣುಕು, ಅದರಲ್ಲಿ 300 ಮಾತು, 200 ಬರಹ. ಭಾರತ, ಸಿಂಗಪುರ, ಹಾಂಗ್‌ಕಾಂಗ್, ಫಿಲಿಪ್ಪೀನ್ಸ್, ಶ್ರೀಲಂಕಾ ಎಲ್ಲದಕ್ಕೂ ಇದೆ. ಎಲ್ಲ ದೇಶಕ್ಕೂ ಒಂದೇ ಅಳತೆ, ಹಾಗಾಗಿ ಪಕ್ಕ ಪಕ್ಕ ಇಟ್ಟು ನೋಡಬಹುದು. ಕ್ಲಾಡಿಯಾ ಲಾಂಗೆ 2012ರಲ್ಲಿ ಭಾರತದ ಭಾಗದ ಮಾತನ್ನು ಹಿಡಿದು ಒಂದು ಪುಸ್ತಕವನ್ನೇ ಬರೆದಿದ್ದಾರೆ, ನಿಮ್ಮ ‘ಓನ್ಲಿ’ ಅದರಲ್ಲಿ ಬರುತ್ತದೆ. ಗೈಡ್‌ಗೆ ತೋರಿಸಿ.

ಆದರೆ ನಿಜವಾದ ವಿಷಯ ಇಲ್ಲಿದೆ. ಐಸ್‌ಗೆ ಯಾರ ಮಾತು ಸೇರಿಸಬೇಕು ಅನ್ನುವುದಕ್ಕೆ ಒಂದು ನಿಯಮ ಇದೆ. 18 ವರ್ಷ ದಾಟಿರಬೇಕು, ಕನಿಷ್ಠ ಹೈಸ್ಕೂಲ್ ಮುಗಿಯುವವರೆಗೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿರಬೇಕು. ಈಗ ನೀವೇ ನೋಡಿ. ನಿಮ್ಮ ಕ್ಲಾಸಿನಲ್ಲಿ ಎಷ್ಟು ಜನ ಅದರೊಳಗೆ ಬರುತ್ತಾರೆ? ಕನ್ನಡ ಮೀಡಿಯಂನಿಂದ ಬಂದವರು ಒಬ್ಬರೂ ಬರುವುದಿಲ್ಲ! ಅಂದರೆ ‘ಭಾರತದ ಇಂಗ್ಲಿಷ್ ಹೀಗಿದೆ’ ಅಂತ ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ಕೂತು ಐಸ್ ಹಿಡಿದು ಬರೆದ ಲೇಖನಗಳಲ್ಲಿ ಮಂಡ್ಯದ ಕನ್ನಡ ಮೀಡಿಯಂ ಹುಡುಗನ ಒಂದು ವಾಕ್ಯವೂ, ನಿಯಮದ ಪ್ರಕಾರ, ಇರುವಂತಿಲ್ಲ. ಆ ನಿಯಮ ಇಡಲು ಕಾರಣ ಇದೆ, ಕಲಿಯುವವರ ಮಾತು ಬೆರೆಯಬಾರದು ಅಂತ. ಒಪ್ಪೋಣ. ಆದರೆ ನಿಮ್ಮ ಥೀಸಿಸ್ ಇರುವುದೇ ಆ ನಿಯಮ ಹೊರಗೆ ಬಿಟ್ಟ ಜಾಗದಲ್ಲಿ. ಸಿನಾಪ್ಸಿಸ್‌ನ ಮೊದಲ ಪ್ಯಾರಾ ಇದೇ ಆಗಲಿ.

ಇಂಟರ್‌ನೆಟ್ ಬರಹದ್ದು ಬೇಕಾದರೆ ಮಾರ್ಕ್ ಡೇವಿಸ್ ಅವರ ಗ್ಲೋಬ್ (GloWbE) ಅನ್ನುವ ಕಾರ್ಪಸ್ ಇದೆ, 2013ರದ್ದು, 20 ದೇಶ, 190 ಕೋಟಿ ಪದ. ಅಲ್ಲಿ ‘ಪ್ರಿಪೋನ್’ ಹುಡುಕಿದರೆ ಯಾವ ದೇಶದಲ್ಲಿ ಎಷ್ಟು ಸಲ ಅಂತ ಕಂಬ ಕಂಬವಾಗಿ ತೋರಿಸುತ್ತದೆ, ಮಜಾ ಇರುತ್ತದೆ, ಸಂಜೆ ಕಳೆದುಹೋಗುತ್ತದೆ. ನಿಮ್ಮದೇ ರೆಕಾರ್ಡಿಂಗ್ ಬರಹಕ್ಕೆ ಇಳಿಸಿದ ಮೇಲೆ ಹುಡುಕಲು ಆಂಟ್‌ಕಾಂಕ್ ಸಾಕು, ಜಪಾನಿನ ವಾಸೆದಾದಲ್ಲಿರುವ ಲಾರೆನ್ಸ್ ಆಂಟನಿ ಮಾಡಿದ್ದು, ಪುಕ್ಕಟೆ. ಮಾತನ್ನು ಬರಹಕ್ಕೆ ಇಳಿಸುವ ಕೆಲಸವನ್ನು ಮಾತ್ರ ಫೋನಿನ ಆ್ಯಪ್‌ಗೆ ಬಿಡಬೇಡಿ. ಅವು ನಿಮ್ಮ ಹುಡುಗನ ವಾಕ್ಯವನ್ನು ತಿದ್ದಿ ಕೊಟ್ಟುಬಿಡುತ್ತವೆ. ನಿಮಗೆ ಬೇಕಾದ್ದೇ ಮಾಯ ಆಗುತ್ತದೆ.

---

ಧ್ವನಿ_ಪಾಠ

ಎಲ್ಲರೂ ವಾಕ್ಯವನ್ನೇ ಹಿಡಿದುಕೊಂಡಿದ್ದೀರಿ. ಮಂಡ್ಯದ ಮಾತಿನಲ್ಲಿ ಸೊಗಸಿರುವುದು ಧ್ವನಿಯಲ್ಲಿ.

ನಮ್ಮ ಕಡೆಯ ಆಡುಮಾತಿನಲ್ಲಿ ‘ಹ’ ಬಿದ್ದುಹೋಗುತ್ತದೆ. ಆಲು, ಅಳ್ಳಿ, ಓಗು. ಹೀಗೆ ಮಾತಾಡುವ ಹುಡುಗ ಇಂಗ್ಲಿಷ್ ಆಡುವಾಗ ‘ಹೌಸ್’ ಅನ್ನು ‘ಔಸ್’ ಅನ್ನುತ್ತಾನೆ, ಅದು ನಿರೀಕ್ಷೆ ಇದ್ದದ್ದೇ. ಆದರೆ ಯಾರೋ ನಕ್ಕಿದ್ದಾರೆ, ಮೇಷ್ಟ್ರು ತಿದ್ದಿದ್ದಾರೆ ಅಂತಿಟ್ಟುಕೊಳ್ಳಿ, ಆಗ ಅವನು ಇಲ್ಲದ ಕಡೆಯೂ ‘ಹ’ ಹಾಕಲು ಶುರು ಮಾಡುತ್ತಾನೆ. ‘ಹೆಗ್’, ‘ಹೆಜುಕೇಶನ್’. ಇದು ಅಜ್ಞಾನ ಅಲ್ಲ, ಎಚ್ಚರ ಜಾಸ್ತಿ ಆದದ್ದು. ಕನ್ನಡದಲ್ಲೂ ಹೀಗೇ ಮಾಡುವವರಿದ್ದಾರೆ. ಇನ್ನೊಂದು, ಕನ್ನಡದಲ್ಲಿ ಪದದ ಮೊದಲಿನ ‘ಎ’ ಬಾಯಲ್ಲಿ ‘ಯೆ’ ಆಗುತ್ತದೆ, ‘ಒ’ ಅನ್ನುವುದು ‘ವೊ’ ಆಗುತ್ತದೆ. ಹಾಗಾಗಿಯೇ ‘ಎಂ.ಎ.’ ಅನ್ನುವುದು ‘ಯೆಮ್ಮೆ’. ಪದದ ಕೊನೆಗೆ ‘ಉ’ ಸೇರಿ ಬಸ್ಸು, ಕಾರು, ಬುಕ್ಕು. ‘ಫ’ ಜಾಗದಲ್ಲಿ ‘ಪ’, ಇಂಗ್ಲಿಷಿನ z ಇರಬೇಕಾದ ಕಡೆ ಮಾಮೂಲಿ ‘ಜ’.

ಭಾರತೀಯರ ಇಂಗ್ಲಿಷ್ ಉಚ್ಚಾರಣೆ ಅಂದರೆ ಒಂದೇ ಅಲ್ಲ ಅನ್ನುವುದಕ್ಕೆ ವಿಲ್ಟ್‌ಶೈರ್ ಮತ್ತು ಹಾರ್ನ್ಸ್‌ಬರ್ಗರ್ 2006ರಲ್ಲಿ ಗುಜರಾತಿ, ತಮಿಳು ತಾಯ್ನುಡಿಯವರನ್ನು ಹೋಲಿಸಿ ಬರೆದಿದ್ದಾರೆ. ಕನ್ನಡಕ್ಕೆ, ಅದರಲ್ಲೂ ಹಳೇ ಮೈಸೂರು ಹಳ್ಳಿಯ ಕನ್ನಡಕ್ಕೆ ಆ ಮಟ್ಟದ ಕೆಲಸ ನನ್ನ ಕಣ್ಣಿಗೆ ಬಿದ್ದಿಲ್ಲ. ಅಳೆಯಲು ಪ್ರಾಟ್ (Praat) ಅನ್ನುವ ಧ್ವನಿ ಸಾಫ್ಟ್‌ವೇರ್ ಸಾಕು, ಆಮ್ಸ್ಟರ್‌ಡ್ಯಾಮ್‌ನವರು ಮಾಡಿದ್ದು, ದುಡ್ಡಿಲ್ಲ.

ಪ್ರಶ್ನಾವಳಿ ಬಗ್ಗೆ ಒಂದು ಮಾತು. ‘ನೀವು ಯಾವ ಇಂಗ್ಲಿಷ್ ಇಷ್ಟಪಡುತ್ತೀರಿ’ ಅಂತ ಕೇಳಿದರೆ ಎಲ್ಲರೂ ಬ್ರಿಟಿಷ್ ಅಂತ ಟಿಕ್ ಹಾಕುತ್ತಾರೆ. ಕಚ್ರು 1970ರ ದಶಕದಲ್ಲಿ ಕೇಳಿದಾಗಲೂ ಹೆಚ್ಚಿನ ವಿದ್ಯಾರ್ಥಿಗಳು ಅದನ್ನೇ ಹೇಳಿದ್ದರು. ಹೇಳುವುದೊಂದು, ಆಡುವುದೊಂದು. ಮಾತನ್ನೇ ಹಿಡಿಯಬೇಕು, ಅದೂ ಅವರಿಗೆ ಪರೀಕ್ಷೆ ಅನಿಸದ ಹಾಗೆ. 1962ರಲ್ಲಿ ಅಮೆರಿಕದ ಭಾಷಾಶಾಸ್ತ್ರಜ್ಞ ವಿಲಿಯಂ ಲಬೋವ್ ನ್ಯೂಯಾರ್ಕಿನ ಮೂರು ಅಂಗಡಿಗೆ ಹೋಗಿ, ನಾಲ್ಕನೇ ಮಹಡಿಯಲ್ಲಿ ಸಿಗುವ ವಸ್ತು ಎಲ್ಲಿದೆ ಅಂತ ಕೇಳಿ, ‘ಫೋರ್ತ್ ಫ್ಲೋರ್’ ಅನ್ನಿಸಿ, ಕೇಳಿಸಲಿಲ್ಲ ಅನ್ನುವ ಹಾಗೆ ಮುಖ ಮಾಡಿ ಇನ್ನೊಮ್ಮೆ ಅನ್ನಿಸಿದರು. 264 ಜನ. ದುಬಾರಿ ಅಂಗಡಿಯವರು ‘ರ್’ ಜಾಸ್ತಿ ಆಡಿದರು, ಅಗ್ಗದ ಅಂಗಡಿಯವರು ಕಡಿಮೆ. ಎರಡನೇ ಸಲ ಒತ್ತಿ ಹೇಳುವಾಗ ‘ರ್’ ಏರಿತು. ಟೇಪ್ ರೆಕಾರ್ಡರ್ ಕೂಡ ಇರಲಿಲ್ಲ, ಅವರ ಕಣ್ಣಿಗೆ ಬೀಳದ ಹಾಗೆ ಪಕ್ಕಕ್ಕೆ ಹೋಗಿ ಬರೆದುಕೊಳ್ಳುತ್ತಿದ್ದರು. ದೇವರಾಜ ಅರಸು ರಸ್ತೆಯ ಅಂಗಡಿಗಳಲ್ಲಿ ‘ಹಾಫ್ ಹ್ಯಾಂಡ್ ಶರ್ಟ್’ ಅನ್ನಿಸಿ ನೋಡಿ. ಎರಡು ‘ಹ’, ಒಂದು ‘ಫ’ ಸಿಗುತ್ತದೆ. ಕೇಳುವಾಗ ನೀವೇ ಆ ಪದ ಹೇಳಬೇಡಿ ಅಷ್ಟೇ, ಶರ್ಟ್ ತೋರಿಸಿ ಇದಕ್ಕೆ ಏನಂತಾರೆ ಅನ್ನಿ.

‘ಹ’ ಬೀಳುವುದನ್ನು ಬರೆಯುವಾಗ ಹುಷಾರು. ಇದರಲ್ಲಿ ಜಾತಿ ಇದೆ, ಊರು ಪೇಟೆ ಅನ್ನುವ ಭೇದ ಇದೆ, ಸಿನಿಮಾದವರು ಮಂಡ್ಯದ ಮಾತನ್ನು ನಗಿಸಲು ಬಳಸಿಕೊಂಡ ಚರಿತ್ರೆ ಇದೆ. ಮಾತು ಕೊಟ್ಟವರು ನಾಳೆ ನಿಮ್ಮ ಥೀಸಿಸ್ ಓದಿದರೆ ತಲೆ ತಗ್ಗಿಸುವ ಹಾಗೆ ಆಗಬಾರದು.

---

ಗೋಕುಲಂ_ತರ್ಡ್‌ಸ್ಟೇಜ್

ನಾನು ಓದಿದ್ದು ಬಿ.ಕಾಂ., ಮೈಸೂರಿನ ಗೋಕುಲಂನಲ್ಲಿ ನಮ್ಮ ಮನೆ ಮೇಲಿನ ರೂಮುಗಳನ್ನು ಯೋಗ ಕಲಿಯಲು ಬರುವವರಿಗೆ ಬಾಡಿಗೆ ಕೊಡುತ್ತೇವೆ. ಇಲ್ಲಿ ಕಿವಿಗೆ ಬೀಳುವುದೇ ಬೇರೆ. ಜಪಾನಿನವರು, ಕೊರಿಯಾದವರು, ಚೀನಾದವರು, ರಷ್ಯಾದವರು. ಎಳನೀರು ಗಾಡಿಯವನು ಅವರೆಲ್ಲರ ಹತ್ತಿರ ಇಂಗ್ಲಿಷ್ ಮಾತಾಡುತ್ತಾನೆ, ಅವರೂ ಅವನ ಹತ್ತಿರ ಇಂಗ್ಲಿಷ್ ಮಾತಾಡುತ್ತಾರೆ, ಇಬ್ಬರಿಗೂ ಅದು ಮನೆ ಭಾಷೆ ಅಲ್ಲ, ಆದರೂ ‘ಗಂಜಿ ಜಾಸ್ತಿ, ನೀರು ಕಡಿಮೆ’ ಅನ್ನುವುದರಿಂದ ಹಿಡಿದು ಸ್ಕೂಟರ್ ಬಾಡಿಗೆ ಚೌಕಾಸಿವರೆಗೆ ಎಲ್ಲ ನಡೆದುಹೋಗುತ್ತದೆ. ತಮಾಷೆ ಏನೆಂದರೆ ಇಂಗ್ಲೆಂಡಿನವರು ಬಂದರೇ ಕಷ್ಟ. ಬೇಗ ಬೇಗ ಆಡುತ್ತಾರೆ, ಮಾತಿನ ಮಧ್ಯೆ ನುಂಗುತ್ತಾರೆ, ನಮ್ಮವನು ಸುಮ್ನೆ ತಲೆ ಆಡಿಸುತ್ತಾನೆ.

ಇದಕ್ಕೂ ಸಂಶೋಧನೆಯಲ್ಲಿ ಏನಾದರೂ ಹೆಸರು ಇದೆಯಾ?

---

ಸರಸ್ವತಿಪುರಂ_ರಿಟೈರ್ಡ್

ಇದೆ, ದೊಡ್ಡ ಹೆಸರೇ ಇದೆ. ಲಿಂಗ್ವಾ ಫ್ರಾಂಕಾ ಇಂಗ್ಲಿಷ್. ಜೆನಿಫರ್ ಜೆಂಕಿನ್ಸ್ 2000ದಲ್ಲಿ ಒಂದು ಪುಸ್ತಕ ಬರೆದು, ಬೇರೆ ಬೇರೆ ತಾಯ್ನುಡಿಯವರು ಮಾತಾಡುವಾಗ ಯಾವ ಧ್ವನಿ ತಪ್ಪಿದರೆ ಅರ್ಥ ಕೆಡುತ್ತದೆ, ಯಾವುದು ತಪ್ಪಿದರೂ ನಡೆಯುತ್ತದೆ ಅಂತ ಬೇರೆ ಮಾಡಿದರು. ಇಂಗ್ಲಿಷ್ ಮೇಷ್ಟ್ರುಗಳು ಜೀವ ತಿನ್ನುವ th ಧ್ವನಿ, ‘ಥಿಂಕ್’, ‘ದಿಸ್’ನಲ್ಲಿ ಬರುವುದು, ನಡೆಯುತ್ತದೆ ಅನ್ನುವ ಪಟ್ಟಿಗೆ ಹೋಯಿತು. ಸ್ವರದ ಉದ್ದ ಗಿಡ್ಡ ಮುಖ್ಯದ ಪಟ್ಟಿಗೆ ಬಂತು. ಕನ್ನಡದವರಿಗೆ ಅದು ಹುಟ್ಟಿನಿಂದಲೇ ಇರುವುದರಿಂದ ನಿಮ್ಮ ಎಳನೀರಿನವನು ಆ ಲೆಕ್ಕದಲ್ಲಿ ಮುಂದಿದ್ದಾನೆ.

ಏಷ್ಯಾದ ಮಟ್ಟಿಗೆ ಇದರ ದೊಡ್ಡ ಪ್ರಯೋಗಶಾಲೆ ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟವಾದ ಆಸಿಯಾನ್. 2007ರಲ್ಲಿ ಸಹಿ ಆದ ಅದರ ಚಾರ್ಟರ್‌ನಲ್ಲಿ ಕೆಲಸದ ಭಾಷೆ ಇಂಗ್ಲಿಷ್ ಅಂತಲೇ ಬರೆದಿದೆ. ವಿಯೆಟ್ನಾಂ, ಇಂಡೋನೇಷ್ಯಾ, ಥಾಯ್ಲೆಂಡ್ ಯಾರಿಗೂ ಅದು ಮನೆ ಭಾಷೆ ಅಲ್ಲ. ಆ್ಯಂಡಿ ಕರ್ಕ್‌ಪ್ಯಾಟ್ರಿಕ್ 2010ರಲ್ಲಿ ಅದರ ಮೇಲೆ ಪುಸ್ತಕ ಬರೆದರು, ಏಷಿಯನ್ ಕಾರ್ಪಸ್ ಆಫ್ ಇಂಗ್ಲಿಷ್ ಅಂತ ಮಾತಿನ ಸಂಗ್ರಹವನ್ನೂ ತಂಡ ಕಟ್ಟಿ ಮಾಡಿದರು. ಇನ್ನೊಂದು ಹಳೆಯ ಲೇಖನ, ಆ್ಯಲನ್ ಫರ್ತ್ ಅವರದ್ದು, 1996. ಬೇರೆ ಬೇರೆ ದೇಶದ ವ್ಯಾಪಾರಿಗಳ ಫೋನ್ ಮಾತು ಕೇಳಿ, ಅರ್ಥ ಆಗದಿದ್ದರೂ ತಕ್ಷಣ ತಡೆಯದೆ ಮುಂದೆ ಬಿಟ್ಟು, ಆಮೇಲೆ ತಿಳಿದುಕೊಳ್ಳುತ್ತಾರೆ ಅಂತ ತೋರಿಸಿದರು. ನೀವು ಹೇಳಿದ ತಲೆ ಆಡಿಸುವುದು ಅದೇ.

ಮೇಡಂ, ಇದು ನಿಮ್ಮ ಥೀಸಿಸ್ ಅಲ್ಲ, ಆಸೆಪಟ್ಟು ಒಳಗೆ ಎಳೆದುಕೊಳ್ಳಬೇಡಿ. ಇನ್ನೊಬ್ಬರು ಮಾಡಲಿ. ಟಿಬೆಟಿನವರು ನೆಲೆಸಿರುವ ಬೈಲುಕುಪ್ಪೆಯ ಅಂಗಡಿಗಳನ್ನೂ ಸೇರಿಸಿಕೊಂಡರೆ ಚೆನ್ನಾಗಿರುತ್ತದೆ.

---

ಅತಿಥಿ_ಉಪನ್ಯಾಸಕಿ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಗೈಡ್ ಹತ್ತಿರ ಹೋಗಿದ್ದೆ. ಕ್ವರ್ಕ್, ಕಚ್ರು ಜಗಳ ಅವರಿಗೆ ಗೊತ್ತಿತ್ತು, ಅವರು ಕ್ವರ್ಕ್ ಕಡೆ, ಅದೂ ಗೊತ್ತಾಯಿತು. ಐಸ್ ನಿಯಮದ ವಿಷಯಕ್ಕೆ ಮಾತ್ರ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ‘ಇದನ್ನು ಬರೆದು ತನ್ನಿ’ ಅಂದರು. ಹೆಸರು ಸದ್ಯಕ್ಕೆ ಹೀಗಿದೆ: ಕನ್ನಡ ಮಾಧ್ಯಮದಿಂದ ಬಂದ ಮಂಡ್ಯ ಜಿಲ್ಲೆಯ ಪದವಿ ವಿದ್ಯಾರ್ಥಿಗಳ ಮಾತಿನ ಇಂಗ್ಲಿಷ್, ಏನು ಉದುರುತ್ತದೆ ಏನು ಉಳಿಯುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ಇಷ್ಟು ಚೆನ್ನಾಗಿ ಬರುತ್ತಿಲ್ಲ, ಅದು ಬೇರೆ ಕಥೆ. ವಾಕ್ಯ ರಚನೆ ಮುಖ್ಯ, ‘ಹ’ ಒಂದೇ ಒಂದು ಧ್ವನಿ, ಅಷ್ಟಕ್ಕೆ ಒಪ್ಪಿದ್ದಾರೆ. ತಿದ್ದುವ ಉಪಾಯದ ಅಧ್ಯಾಯ ಬೇಡ ಅಂದೆ, ಅದಕ್ಕೆ ಒಪ್ಪಲಿಲ್ಲ. ಸರಿ, ಆ ಅಧ್ಯಾಯದಲ್ಲಿ ಇಂಟರ್‌ವ್ಯೂ ತೆಗೆದುಕೊಳ್ಳುವವರಿಗೆ ರೆಕಾರ್ಡಿಂಗ್ ಕೇಳಿಸಿ ಯಾವುದು ಕಿವಿಗೆ ಚುಚ್ಚಿತು ಅಂತ ಕೇಳುವುದನ್ನು ಹಾಕುತ್ತೇನೆ, ಮಳವಳ್ಳಿ ಮೇಷ್ಟ್ರ ಪ್ರಶ್ನೆಗೂ ಅದು ಉತ್ತರ ಆಗಬಹುದು.

---

ಮಳವಳ್ಳಿ_ಹೈಸ್ಕೂಲ್_ಮೇಷ್ಟ್ರು

ಅದನ್ನು ಮಾಡುವುದಾದರೆ ನನ್ನ ತಕರಾರು ಇಲ್ಲ. ನನ್ನ ಹಳೇ ವಿದ್ಯಾರ್ಥಿಗಳು ಕೆಲವರು ಮಂಡ್ಯದಲ್ಲೇ ಡಿಗ್ರಿ ಮಾಡುತ್ತಿದ್ದಾರೆ, ಕೆಲವರು ಮೈಸೂರಿನಲ್ಲಿ ಎಂ.ಎ., ಒಂದಿಬ್ಬರು ಈಗ ಪಾಠ ಮಾಡುತ್ತಿದ್ದಾರೆ. ಒಂದೇ ಶಾಲೆಯಿಂದ ಹೋದವರು, ನಿಮ್ಮ ನಾಲ್ಕು ಮೆಟ್ಟಿಲಿಗೂ ಜನ ಸಿಗುತ್ತಾರೆ. ಮೆಸೇಜ್ ಮಾಡಿ, ಮಾತಾಡಿಸುತ್ತೇನೆ. ಒಪ್ಪಿಗೆ ಪತ್ರ ಕನ್ನಡದಲ್ಲಿ ತನ್ನಿ, ಇಂಗ್ಲಿಷಿನದ್ದು ಕೊಟ್ಟರೆ ಓದದೆ ಸಹಿ ಹಾಕುತ್ತಾರೆ.

---

ಧ್ವನಿ_ಪಾಠ

ರೆಕಾರ್ಡ್ ಮಾಡುವಾಗ ಫ್ಯಾನ್ ಆಫ್ ಮಾಡಿಸಿ. ಮಂಡ್ಯದ ಬೇಸಿಗೆಯಲ್ಲಿ ಕಷ್ಟ, ಆದರೂ ಆಫ್ ಮಾಡಿಸಿ. ಫ್ಯಾನ್ ಸದ್ದಿನಲ್ಲಿ ‘ಹ’ ಇದೆಯೋ ಇಲ್ಲವೋ ಅಂತ ಪ್ರಾಟ್‌ಗೂ ಗೊತ್ತಾಗುವುದಿಲ್ಲ.